ಮನೆಯ ಲೆಕ್ಕ: ಶಿಲ್ಕು ಸರಿ, ಲಾಭ ತಪ್ಪು

ಹೋದ ತಿಂಗಳು ಮಲೆನಾಡಿನ ಒಂದೂರಿನಿಂದ ಸೋದರಿಯೊಬ್ಬರು ಈ ವಿಭಾಗಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅದರ ಸಾರಾಂಶವಿಷ್ಟು: ಆಕೆಯ ಪತಿ ಮನೆಯ ಜಮಾಖರ್ಚನ್ನೆಲ್ಲ ಗಣಕಯಂತ್ರದಲ್ಲಿ ಕ್ರಮವಾಗಿ ಬರೆದಿಡುತ್ತಿದ್ದರು. 2024ರಲ್ಲಿ ಅವರು ಕಾಲವಾದರು. ಅವರ ಹೆಸರಿನಲ್ಲಿದ್ದ ಮ್ಯೂಚುಯಲ್ ಫಂಡಿನ ಯೂನಿಟ್ಟುಗಳು ಆ ವರ್ಷದ ನವೆಂಬರಿನಲ್ಲಿ ಆಕೆಯ ಹೆಸರಿಗೆ ವರ್ಗವಾದುವು. ತರುವಾಯ ಆಕೆಯೂ ತಮ್ಮ ಸಂಬಳದ ಉಳಿತಾಯದಿಂದ ಅದೇ ಫಂಡಿನಲ್ಲಿ ಇನ್ನಷ್ಟು ಯೂನಿಟ್ಟುಗಳನ್ನು ಕೊಂಡರು. 2025ರ ಆಗಸ್ಟಿನಲ್ಲಿ ಮಗಳ ಕಾಲೇಜಿನ ಫೀಜಿಗೆಂದು ಅರ್ಧದಷ್ಟನ್ನು ಮಾರಿದರು. ಮಾರಾಟವನ್ನು ಗಣಕದಲ್ಲಿ ಬರೆದಾಗ ಲಾಭ 18,000 ರೂಪಾಯಿಯೆಂದು ಕಾಣಿಸಿತು. ತೆರಿಗೆಯ ಲೆಕ್ಕ ಬರೆಯುವ ಲೆಕ್ಕಿಗರು ಹಳೆಯ ಕಾಗದಗಳನ್ನೆಲ್ಲ ನೋಡಿ, ಲಾಭ 80,000 ರೂಪಾಯಿ ಎಂದರು.

"ಯೂನಿಟ್ಟುಗಳ ಶಿಲ್ಕು ಕಂಪೆನಿಯ ಪಟ್ಟಿಯೊಡನೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ಶಿಲ್ಕು ಸರಿಯಿದ್ದ ಮೇಲೆ ಲಾಭ ಹೇಗೆ ತಪ್ಪೀತು? ಯಂತ್ರ ತಪ್ಪಿತೋ, ಲೆಕ್ಕಿಗರು ತಪ್ಪಿದರೋ? ನಮ್ಮ ಯಜಮಾನರು ಇದ್ದಿದ್ದರೆ ಒಂದು ಗಳಿಗೆಯಲ್ಲಿ ಹೇಳಿಬಿಡುತ್ತಿದ್ದರು. ಈಗ ಆ ಲೆಕ್ಕವನ್ನು ತೆರೆಯುವುದಕ್ಕೇ ನನಗೆ ಭಯವಾಗುತ್ತದೆ" ಎಂದು ಆಕೆ ಬರೆದಿದ್ದಾರೆ.

ಈ ಪ್ರಶ್ನೆ ಒಬ್ಬರದಲ್ಲ. ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಫಂಡಿನಲ್ಲಿ ಹಣವನ್ನು ತೊಡಗಿಸಿ, ಅಗತ್ಯ ಬಂದಾಗ ಒಂದು ಭಾಗವನ್ನು ಮಾರುವ ಎಲ್ಲ ಸಂಸಾರಿಗಳಿಗೂ ಇದು ಒಂದಲ್ಲ ಒಂದು ದಿನ ಎದುರಾಗತಕ್ಕದ್ದು. ಆದುದರಿಂದ ಉತ್ತರವನ್ನು ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲಿಯೇ ಬರೆಯುತ್ತೇವೆ. ಮೊದಲೇ ಹೇಳಿಬಿಡುವುದಾದರೆ, ಯಂತ್ರವು ತನಗೆ ಹೇಳಿದ್ದನ್ನು ಸರಿಯಾಗಿಯೇ ಎಣಿಸಿದೆ. ಆದರೆ ಲೆಕ್ಕಿಗರು ಹೇಳಿದ 80,000 ರೂಪಾಯಿಯೇ ನಿಜವಾದ ಲಾಭ. ಇದನ್ನು ಕೇಳಿ ಸೋದರಿಯವರು ಹೆದರಬೇಕಾದುದಿಲ್ಲ. ಅವರ ಸಂಗತಿಯಲ್ಲಿ ದೊಡ್ಡ ಲಾಭಕ್ಕೆ ತೆರಿಗೆಯಿಲ್ಲ, ಚಿಕ್ಕ ಲಾಭಕ್ಕೆ ತೆರಿಗೆಯುಂಟು. ಈ ವಿಚಿತ್ರವು ಹೇಗೆ ಬಂತೆಂಬುದನ್ನು ತಿಳಿದರೆ, ತಪ್ಪನ್ನು ಹುಡುಕುವ ದಾರಿಯೂ ತಾನಾಗಿಯೇ ತಿಳಿಯುವುದು.

ಲಾಟು ಎಂದರೇನು?

ಮನೆಯಲ್ಲಿ ಮೂರು ಸುಗ್ಗಿಯ ರಾಗಿಯನ್ನು ಒಂದೇ ಕಡೆ ತುಂಬಿಟ್ಟಿದೆಯೆಂದು ಭಾವಿಸೋಣ. ಬುಡದಲ್ಲಿ ಕಿಂಡಿಯಿರುವ ವಾಡೆಯಾದರೆ, ಮೊದಲು ಸುರಿದ ಹಳೆಯ ರಾಗಿಯೇ ಮೊದಲು ಹೊರಗೆ ಬರುವುದು. ನೆಲದೊಳಗಿನ ಹಗೇವಾದರೆ, ಬಾಯಿ ಮೇಲಿರುವುದರಿಂದ ಕಡೆಯಲ್ಲಿ ಸುರಿದ ಹೊಸ ರಾಗಿ ಮೊದಲು ಕೈಗೆ ಸಿಕ್ಕುವುದು. ಎರಡರಿಂದಲೂ ಹತ್ತು ಹತ್ತು ಪಲ್ಲ ತೆಗೆದರೆ, ಉಳಿಯುವ ಪಲ್ಲಗಳ ಸಂಖ್ಯೆ ಎರಡರಲ್ಲಿಯೂ ಒಂದೇ. ಆದರೆ ಉಳಿದ ರಾಗಿ ಒಂದೇ ಅಲ್ಲ. ಒಂದರಲ್ಲಿ ಹೊಸ ಸುಗ್ಗಿಯದು ಉಳಿದಿದೆ, ಇನ್ನೊಂದರಲ್ಲಿ ಹಳೆಯ ಸುಗ್ಗಿಯದು. ಅಳತೆಯ ಕೊಳಗಕ್ಕೆ ಈ ಭೇದ ಗೊತ್ತಾಗುವುದಿಲ್ಲ. ಯಾವ ಸುಗ್ಗಿಯಲ್ಲಿ ಯಾವ ಧಾರಣೆಯಿತ್ತೆಂದು ಬರೆದಿಟ್ಟವನಿಗೆ ಮಾತ್ರ ಗೊತ್ತಾಗುವುದು.

ಫಂಡಿನ ಯೂನಿಟ್ಟುಗಳ ಸಂಗತಿಯೂ ಹೀಗೆಯೇ. ನೋಡುವುದಕ್ಕೆ ಎಲ್ಲ ಯೂನಿಟ್ಟುಗಳೂ ಒಂದೇ, ಇಂದಿನ ಬೆಲೆಯೂ ಒಂದೇ. ಆದರೆ ಒಂದೊಂದು ಸಾರಿ ಕೊಂಡ ಯೂನಿಟ್ಟುಗಳ ಗುಂಪಿಗೆ ಅದರದೇ ಆದ ತಾರೀಖೂ ಅದರದೇ ಆದ ಅಸಲೂ ಇರುವುವು. ಆ ಗುಂಪಿಗೆ ಲೆಕ್ಕದವರು ಲಾಟು ಎನ್ನುತ್ತಾರೆ. ತಿಂಗಳಿಗೊಮ್ಮೆ ಕೊಳ್ಳುವವರಿಗೆ ವರ್ಷಕ್ಕೆ ಹನ್ನೆರಡು ಲಾಟುಗಳಾದುವು; ಹತ್ತು ವರ್ಷಕ್ಕೆ ನೂರಿಪ್ಪತ್ತು. ಮಾರುವ ದಿನ ಕೇಳಬೇಕಾದ ಪ್ರಶ್ನೆ "ಎಷ್ಟು ಮಾರಿದೆ?" ಎಂಬುದಷ್ಟೇ ಅಲ್ಲ, "ಯಾವ ಲಾಟಿನಿಂದ ಮಾರಿದೆ?" ಎಂಬುದೂ ಹೌದು. ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದೆ ಲಾಭವನ್ನು ಹೇಳುವಂತಿಲ್ಲ.

ಒಂದೇ ಮಾರಾಟ, ಮೂರು ಲಾಭ

ಸೋದರಿಯವರು ಕಳುಹಿಸಿದ ಅಂಕೆಗಳನ್ನು, ಸಣ್ಣ ಸುಂಕಗಳನ್ನು ಬಿಟ್ಟು, ಇಡಿಯ ಸಂಖ್ಯೆಗಳಾಗಿ ಮಾಡಿಕೊಂಡಿದ್ದೇವೆ. ಪತಿಯು 2021ರ ಜೂನಿನಲ್ಲಿ 1,000 ಯೂನಿಟ್ಟುಗಳನ್ನು 40 ರೂಪಾಯಿಯಂತೆಯೂ, 2023ರ ಜೂನಿನಲ್ಲಿ 1,000 ಯೂನಿಟ್ಟುಗಳನ್ನು 60 ರೂಪಾಯಿಯಂತೆಯೂ ಕೊಂಡಿದ್ದರು. ಸೋದರಿಯವರು 2025ರ ಫೆಬ್ರವರಿಯಲ್ಲಿ 1,000 ಯೂನಿಟ್ಟುಗಳನ್ನು 85 ರೂಪಾಯಿಯಂತೆ ಕೊಂಡರು. ಒಟ್ಟು 3,000 ಯೂನಿಟ್ಟುಗಳು, ಒಟ್ಟು ಅಸಲು 1,85,000 ರೂಪಾಯಿ. 2025ರ ಆಗಸ್ಟಿನಲ್ಲಿ 1,500 ಯೂನಿಟ್ಟುಗಳನ್ನು 100 ರೂಪಾಯಿಯಂತೆ ಮಾರಿ 1,50,000 ರೂಪಾಯಿ ಪಡೆದರು.

ಮೊದಲು ಬಂದದ್ದು ಮೊದಲು ಹೋಗುವ ವಾಡೆಯ ಕ್ರಮದಲ್ಲಿ ಎಣಿಸಿದರೆ, 40 ರೂಪಾಯಿಯ ಲಾಟು ಪೂರ್ತಿ ಹೋಯಿತು. ಅದರಲ್ಲಿ ಲಾಭ 60,000 ರೂಪಾಯಿ. 60 ರೂಪಾಯಿಯ ಲಾಟಿನಿಂದ 500 ಹೋದುವು; ಅದರಲ್ಲಿ ಲಾಭ 20,000 ರೂಪಾಯಿ. ಒಟ್ಟು 80,000. ಕಡೆಗೆ ಬಂದದ್ದು ಮೊದಲು ಹೋಗುವ ಹಗೇವಿನ ಕ್ರಮದಲ್ಲಿ ಎಣಿಸಿದರೆ, 85 ರೂಪಾಯಿಯ ಲಾಟಿನಲ್ಲಿ 15,000, 60 ರೂಪಾಯಿಯದರಲ್ಲಿ 20,000, ಒಟ್ಟು 35,000. ಎಲ್ಲವನ್ನೂ ಕಲಸಿ ಸರಾಸರಿ ಅಸಲು ಹಿಡಿದರೆ ಲಾಭ 57,500. ಮೂರು ಕ್ರಮಗಳಲ್ಲಿಯೂ ಉಳಿದ ಶಿಲ್ಕು 1,500 ಯೂನಿಟ್ಟುಗಳೇ. ಹೀಗೆ ಶಿಲ್ಕು ಹೊಂದಿದ ಮಾತ್ರಕ್ಕೆ ಲಾಭವೂ ಸರಿಯೆಂದು ನಂಬುವಂತಿಲ್ಲವೆಂಬುದು ಸ್ಪಷ್ಟವಾಯಿತಷ್ಟೆ.

ಹಾಗಾದರೆ ಯಾವ ಕ್ರಮವನ್ನು ಹಿಡಿಯಬೇಕು? ಅಮೆರಿಕದಲ್ಲಿ ಮಾರುವವನು ತನಗೆ ಬೇಕಾದ ಲಾಟನ್ನು ಹೆಸರಿಸಿ ಮಾರಬಹುದು. ಫಂಡಿನ ಯೂನಿಟ್ಟುಗಳಿಗೆ ಸರಾಸರಿ ಅಸಲನ್ನು ಹಿಡಿಯುವುದಕ್ಕೂ ಅಲ್ಲಿ ಅವಕಾಶವುಂಟು. ಅಲ್ಲಿಯವರನ್ನು ಮನಸ್ಸಿನಲ್ಲಿಟ್ಟು ರಚಿಸಿದ ತಂತ್ರಾಂಶಗಳಲ್ಲಿ ಈ ಆಯ್ಕೆಗಳೆಲ್ಲ ಇರುವುದು ಅದಕ್ಕಾಗಿಯೇ. ನಮ್ಮ ದೇಶದಲ್ಲಿ ಫಂಡುಗಳ ಲೆಕ್ಕ ನಡೆಯುವುದು ವಾಡೆಯ ಕ್ರಮದಲ್ಲಿ, ಅಂದರೆ ಮೊದಲು ಕೊಂಡದ್ದು ಮೊದಲು ಮಾರಿದ್ದೆಂದು. ಆದುದರಿಂದ ತಂತ್ರಾಂಶವು ಎಷ್ಟು ಬಗೆಯ ಆಯ್ಕೆಗಳನ್ನು ಮುಂದಿಟ್ಟರೂ ಇಲ್ಲಿಯ ಸಂಸಾರಿಯು ಈ ಒಂದನ್ನೇ ಹಿಡಿಯತಕ್ಕದ್ದು.

ತಾರೀಖಿನ ಬೆಲೆ

ಇನ್ನು ತೆರಿಗೆಯ ಮಾತು. ಮುಖ್ಯವಾಗಿ ನಮ್ಮ ದೇಶದ ಷೇರುಗಳಲ್ಲಿ ಹಣವನ್ನು ತೊಡಗಿಸುವ ಫಂಡಿನ ಯೂನಿಟ್ಟುಗಳನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಬರುವ ಲಾಭ ದೀರ್ಘಕಾಲದ್ದು. ಅದಕ್ಕಿಂತ ಮೊದಲೇ ಮಾರಿದರೆ ಅಲ್ಪಕಾಲದ್ದು. 2024ರ ಜುಲೈ 23ರಂದು ಜಾರಿಗೆ ಬಂದ ನಿಯಮದ ಮೇರೆಗೆ ಅಲ್ಪಕಾಲದ ಲಾಭಕ್ಕೆ ನೂರಕ್ಕೆ 20ರಂತೆ ತೆರಿಗೆ. ದೀರ್ಘಕಾಲದ ಲಾಭವಾದರೆ, ಒಂದು ಆರ್ಥಿಕ ವರ್ಷದಲ್ಲಿ ಇಂಥ ಎಲ್ಲ ಮಾರಾಟಗಳ ಲಾಭವೂ ಸೇರಿ 1,25,000 ರೂಪಾಯಿಯವರೆಗೆ ತೆರಿಗೆಯಿಲ್ಲ. ಮೀರಿದ ಭಾಗಕ್ಕೆ ಮಾತ್ರ ನೂರಕ್ಕೆ ಹನ್ನೆರಡೂವರೆ.

ಸೋದರಿಯವರು ಮಾರಿದ 1,500 ಯೂನಿಟ್ಟುಗಳೂ ಪತಿಯ ಕಾಲದವು. ಇಲ್ಲಿ ಕಾನೂನಿನ ಒಂದು ಅಂಶವನ್ನು ನೆನಪಿಡಬೇಕು. ತೀರಿಕೊಂಡವರಿಂದ ವಾರಸುದಾರರಿಗೆ ಬಂದ ಆಸ್ತಿಯನ್ನು ಮಾರಿದಾಗ, ತೀರಿಕೊಂಡವರು ಕೊಟ್ಟ ಬೆಲೆಯೇ ಅದರ ಅಸಲು. ಕಾಲವನ್ನು ಎಣಿಸುವಾಗ ಅವರು ಇಟ್ಟುಕೊಂಡಿದ್ದ ಅವಧಿಯೂ ಸೇರುತ್ತದೆ. ಹೆಸರು ಬದಲಾದ ದಿನ ಹೊಸದಾಗಿ ಏನನ್ನೂ ಕೊಂಡಂತಾಗಲಿಲ್ಲ. ಆದುದರಿಂದ ಲಾಭ 80,000 ರೂಪಾಯಿ, ಪೂರ್ತಿ ದೀರ್ಘಕಾಲದ್ದು. ಆ ವರ್ಷ ಈ ಬಗೆಯ ಬೇರೆ ಲಾಭವಿಲ್ಲದಿದ್ದರೆ ತೆರಿಗೆ ಏನೂ ಇಲ್ಲ; ವಿವರಪತ್ರವನ್ನು ಸಲ್ಲಿಸುವಾಗ ಅದನ್ನು ತೋರಿಸಿದರಾಯಿತು.

ಸೋದರಿಯವರು ಗಣಕದಲ್ಲಿ ಮಾಡಿದ್ದು ಬೇರೆ. ನವೆಂಬರಿನಲ್ಲಿ ಯೂನಿಟ್ಟುಗಳು ತಮ್ಮ ಹೆಸರಿಗೆ ಬಂದಾಗ, ಪತಿಯ ಖಾತೆಯನ್ನು ಮುಗಿಸಿ, ತಮ್ಮ ಹೆಸರಿನ ಹೊಸ ಖಾತೆಯೊಂದನ್ನು ತೆರೆದು, 2,000 ಯೂನಿಟ್ಟುಗಳನ್ನು ಅಂದಿನ ಧಾರಣೆಯಾದ 88 ರೂಪಾಯಿಯಂತೆ ಕೊಂಡ ಹಾಗೆ ಬರೆದರು. ಹೀಗೆ ಬರೆಯುವುದು ಸಹಜವೇ. ಶಿಲ್ಕು ಹೊಂದಬೇಕೆಂಬುದೇ ಅವರ ಉದ್ದೇಶ. ಆದರೆ ಒಂದೇ ಗೆರೆಯಿಂದ ಪತಿಯ ಎರಡು ಲಾಟುಗಳೂ ಅಳಿಸಿಹೋಗಿ, 2024ರ ನವೆಂಬರಿನ ಒಂದು ಹುಸಿ ಲಾಟು ಹುಟ್ಟಿತು. ಯಂತ್ರವು ಆಗಸ್ಟಿನ ಮಾರಾಟವನ್ನು ಈ ಲಾಟಿಗೆ ಹೊಂದಿಸಿ, ಯೂನಿಟ್ಟಿಗೆ 12 ರೂಪಾಯಿಯಂತೆ 18,000 ರೂಪಾಯಿ ಲಾಭವೆಂದಿತು. ನವೆಂಬರಿನಿಂದ ಆಗಸ್ಟಿಗೆ ಒಂಬತ್ತೇ ತಿಂಗಳು; ಆದುದರಿಂದ ಅದು ಅಲ್ಪಕಾಲದ ಲಾಭವೆಂದಾಯಿತು. ಅದರಂತೆ ತೆರಿಗೆ ಕಟ್ಟಿದ್ದರೆ 3,600 ರೂಪಾಯಿ, ಅದರ ಮೇಲೆ ನೂರಕ್ಕೆ 4ರ ಸೆಸ್ಸು 144 ರೂಪಾಯಿ, ಒಟ್ಟು 3,744 ರೂಪಾಯಿ ವ್ಯರ್ಥವಾಗಿ ಹೋಗುತ್ತಿತ್ತು. ಅಷ್ಟೇ ಅಲ್ಲ; ಲಾಭವನ್ನು 62,000 ರೂಪಾಯಿ ಕಡಿಮೆ ತೋರಿಸಿದ ತಪ್ಪೂ ತಲೆಯ ಮೇಲೆ ಬರುತ್ತಿತ್ತು. ಉಳಿದ 500 ಯೂನಿಟ್ಟುಗಳ ಅಸಲು 60ರ ಬದಲು 88 ಎಂದು ನಿಂತು, ಮುಂದಿನ ಮಾರಾಟವನ್ನೂ ಕೆಡಿಸುತ್ತಿತ್ತು.

ಲೆಕ್ಕವನ್ನು ತಿದ್ದುವ ಬಗೆ

ಸೋದರಿಯವರ ಮನೆಯಲ್ಲಿರುವುದು ಗ್ನುಕ್ಯಾಶ್ ಎಂಬ ತಂತ್ರಾಂಶ. ಇದು ಬೆಲೆಯಿಲ್ಲದೆ ದೊರೆಯುವುದು, 1998ರಿಂದ ಬಳಕೆಯಲ್ಲಿದೆ, ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದಿನ ಪದ್ಧತಿಯದು. ಫಂಡಿನ ಖಾತೆಯಲ್ಲಿ ಕೊಂಡದ್ದನ್ನೂ ಮಾರಿದ್ದನ್ನೂ ಬರೆದೊಡನೆ ಇದು ತಾನಾಗಿ ಲಾಟುಗಳನ್ನು ಕಟ್ಟುವುದಿಲ್ಲ. ಖಾತೆಯನ್ನು ತೆರೆದು, ಆಕ್ಷನ್ಸ್ ಎಂಬ ಪಟ್ಟಿಯಲ್ಲಿ ವ್ಯೂ ಲಾಟ್ಸ್ ಎಂಬುದನ್ನು ಒತ್ತಿದರೆ ಲಾಟುಗಳ ಕಿಟಕಿ ತೆರೆಯುವುದು. ಅಲ್ಲಿರುವ ಸ್ಕ್ರಬ್ ಅಕೌಂಟ್ ಎಂಬ ಗುಂಡಿಯನ್ನು ಒತ್ತಿದರೆ, ಯಂತ್ರವು ಕೊಂಡದ್ದಕ್ಕೂ ಮಾರಿದ್ದಕ್ಕೂ ವಾಡೆಯ ಕ್ರಮದಲ್ಲಿ ಗಂಟುಹಾಕಿ ಲಾಭವನ್ನು ಬರೆಯುವುದು.

ತಿದ್ದುವುದಕ್ಕೆ ಮೊದಲು ಇಡೀ ಲೆಕ್ಕದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ತೆಗೆದಿಡಬೇಕು. ಸ್ಕ್ರಬ್ ಮಾಡಿದಾಗ ಅನೇಕ ನಮೂದುಗಳು ಒಮ್ಮೆಗೇ ಬದಲಾಗುವುದರಿಂದ, ಪ್ರತಿಯಿಲ್ಲದೆ ಕೈಹಾಕುವುದು ವಿವೇಕವಲ್ಲ.

ಆಮೇಲೆ ಪತಿಯ ಹೆಸರಿನ ಹಳೆಯ ಪಟ್ಟಿಗಳನ್ನು ಮೊದಲ ಕೊಳ್ಳಿಕೆಯಿಂದ ಮೊದಲುಗೊಂಡು ಎದುರಿಗಿಟ್ಟುಕೊಳ್ಳಬೇಕು. ಹೆಸರು ವರ್ಗವಾದ ಮೇಲಿನ ಪಟ್ಟಿಯೊಂದೇ ಸಾಲದು.

ಮೂರನೆಯದಾಗಿ, ಯಂತ್ರವು ಬರೆದ 18,000 ರೂಪಾಯಿಯ ಲಾಭದ ನಮೂದನ್ನೂ, ಲಾಟುಗಳ ಕಿಟಕಿಯಲ್ಲಿ ಕಾಣುವ ಹುಸಿ ಲಾಟನ್ನೂ ಅಳಿಸಬೇಕು. ನವೆಂಬರಿನಲ್ಲಿ ಪತಿಯ ಖಾತೆಯನ್ನು ಮುಗಿಸಿದ ನಮೂದನ್ನೂ, ಹೊಸ ಖಾತೆಯಲ್ಲಿ 88 ರೂಪಾಯಿಯಂತೆ ಕೊಂಡದ್ದೆಂಬ ನಮೂದನ್ನೂ ತೆಗೆಯಬೇಕು. ಹಳೆಯ ಖಾತೆಯನ್ನೇ ಉಳಿಸಿಕೊಂಡು ಅದರ ಹೆಸರನ್ನು ಮಾತ್ರ ಬದಲಾಯಿಸಿ, ಫೆಬ್ರವರಿಯ ಕೊಳ್ಳಿಕೆಯನ್ನೂ ಆಗಸ್ಟಿನ ಮಾರಾಟವನ್ನೂ ಅದರಲ್ಲಿಯೇ ಬರೆಯಬೇಕು. ಹೆಸರು ಬದಲಾದ ಸಂಗತಿಯನ್ನು ಟಿಪ್ಪಣಿಯಾಗಿ ಬರೆದರೆ ಸಾಕು. ಪತಿಯ ಹಳೆಯ ಲೆಕ್ಕವೇ ಇಲ್ಲದ ಮನೆಯವರಾದರೆ, ಅವರ ಒಂದೊಂದು ಕೊಳ್ಳಿಕೆಯನ್ನೂ ಅದರ ನಿಜವಾದ ತಾರೀಖು, ನಿಜವಾದ ಬೆಲೆಯೊಡನೆ, ಆರಂಭದ ಶಿಲ್ಕಿನ ಖಾತೆಯನ್ನು ಎದುರು ಹಿಡಿದು ಬರೆಯತಕ್ಕದ್ದು.

ಕಡೆಯಲ್ಲಿ ಸ್ಕ್ರಬ್ ಅಕೌಂಟ್ ಒತ್ತಬೇಕು. ಈಗ 2021ರ ಲಾಟು ಮುಗಿದು, 2023ರ ಲಾಟಿನಲ್ಲಿ 500, 2025ರ ಲಾಟಿನಲ್ಲಿ 1,000 ಉಳಿದಿರಬೇಕು. ಆಗಸ್ಟಿನ ಒಂದು ಮಾರಾಟವು 1,000 ಮತ್ತು 500 ಎಂದು ಎರಡು ಗೆರೆಗಳಾಗಿ ಒಡೆದು ಕಾಣುವುದು. ಒಂದು ಮಾರಾಟವು ಎರಡು ಲಾಟುಗಳನ್ನು ಮುಟ್ಟಿದಾಗ ಹಾಗಾಗುವುದೇ ಕ್ರಮ. ಎರಡು ಸಾರಿ ಮಾರಿದಂತಾಯಿತೆಂದು ಗಾಬರಿಯಿಂದ ಒಂದನ್ನು ಅಳಿಸಬಾರದು. ಲಾಭದ ಮೊತ್ತವು ಆರ್ಫನ್ಡ್ ಗೇನ್ಸ್ ಎಂಬ ಖಾತೆಗೆ ಹೋಗಿರುವುದು. ಅನಾಥ ಲಾಭವೆಂದು ಆ ಹೆಸರಿನ ಅರ್ಥ. ಯಾವ ಆದಾಯದ ಖಾತೆಗೆ ಸೇರಿಸಬೇಕೆಂದು ಯಂತ್ರಕ್ಕೆ ತಿಳಿಯದೆ ತಾತ್ಕಾಲಿಕವಾಗಿ ಅಲ್ಲಿಟ್ಟಿರುವುದಷ್ಟೆ. ಅದನ್ನು ತಮ್ಮ ಬಂಡವಾಳ ಲಾಭದ ಖಾತೆಗೆ ಬದಲಾಯಿಸಿಕೊಳ್ಳಬಹುದು.

ತಪ್ಪು ಅಡಗಿರುವ ಇತರ ಸ್ಥಳಗಳು

ಲಾಭದ ಅಂಕೆ ಸಂದೇಹವಾಗಿ ಕಂಡಾಗ ಬಹುಮಂದಿ ಮಾರಾಟದ ನಮೂದನ್ನೇ ಮತ್ತೆ ಮತ್ತೆ ತಿದ್ದುತ್ತಾರೆ. ನಮ್ಮ ಅನುಭವದಲ್ಲಿ ತಪ್ಪು ಅಲ್ಲಿರುವುದು ಅಪೂರ್ವ. ಅದು ಹಿಂದಿನ ಯಾವುದೋ ಕೊಳ್ಳಿಕೆಯಲ್ಲಿ ಅಡಗಿದ್ದು, ಮಾರುವ ದಿನ ಹೊರಗೆ ಬರುತ್ತದೆ. ಆದುದರಿಂದ ಮಾರಾಟದಿಂದ ಹಿಂದಕ್ಕೆ ಹೋಗದೆ, ಮೊದಲ ಕೊಳ್ಳಿಕೆಯಿಂದ ಮುಂದಕ್ಕೆ ಬರುತ್ತ ಹುಡುಕುವುದು ಒಳ್ಳೆಯದು. ಹುಡುಕಬೇಕಾದ ಸ್ಥಳಗಳು ಇವು.

ತಾರೀಖು. ನಾವು ದಿನವನ್ನು ಮೊದಲು ಬರೆಯುವವರು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವವರು. ಕಂಪೆನಿಯ ಪಟ್ಟಿಯನ್ನು ಯಂತ್ರಕ್ಕೆ ನೇರವಾಗಿ ತುಂಬುವಾಗ ಈ ಆಯ್ಕೆ ತಪ್ಪಿದರೆ, ಆಗಸ್ಟ್ 5 ಎಂಬುದು ಮೇ 8 ಎಂದಾಗುವುದು. ದಿನವು 12ಕ್ಕಿಂತ ಹೆಚ್ಚಾಗಿದ್ದಲ್ಲಿ ತಪ್ಪು ಕೂಡಲೇ ಗೊತ್ತಾಗುವುದು. ಅದಕ್ಕಿಂತ ಕಡಿಮೆಯಿದ್ದಲ್ಲಿ ಸದ್ದಿಲ್ಲದೆ ಸೇರಿಕೊಳ್ಳುವುದು. ಲಾಟಿನ ಶಿಲ್ಕು ಸೊನ್ನೆಗಿಂತ ಕೆಳಗಿಳಿದಿದ್ದರೆ, ಕೊಳ್ಳುವುದಕ್ಕೆ ಮೊದಲೇ ಮಾರಿದಂತೆ ತಾರೀಖು ಬಿದ್ದಿದೆಯೋ, ಅಥವಾ ಯಾವುದೋ ಕೊಳ್ಳಿಕೆ ಬಿಟ್ಟುಹೋಗಿದೆಯೋ ಎಂದು ನೋಡಬೇಕು.

ದಶಾಂಶ. ಫಂಡಿನ ಯೂನಿಟ್ಟುಗಳನ್ನು ಸಾಮಾನ್ಯವಾಗಿ ಮೂರು ದಶಾಂಶ ಸ್ಥಾನಗಳವರೆಗೆ ಎಣಿಸುತ್ತಾರೆ. ಗ್ನುಕ್ಯಾಶಿನಲ್ಲಿ ಆ ಫಂಡಿನ ಕನಿಷ್ಠ ಭಾಗವನ್ನು ಸಾವಿರದಲ್ಲೊಂದು, ಅಥವಾ ಅದಕ್ಕಿಂತ ಸೂಕ್ಷ್ಮವೆಂದು ಗೊತ್ತುಮಾಡಿರದಿದ್ದರೆ, ಪ್ರತಿಯೊಂದು ಕೊಳ್ಳಿಕೆಯಲ್ಲಿಯೂ ಚೂರು ಕಳೆದುಹೋಗುವುದು. ಪೂರ್ತಿ ಮಾರಿದ ಮೇಲೂ ಒಂದು ತುಣುಕು ಉಳಿದು ಲಾಟು ಮುಚ್ಚದೆ ನಿಂತಿದ್ದರೆ ಕಾರಣ ಇದೇ ಇರಬಹುದು. ಯೂನಿಟ್ಟುಗಳನ್ನೂ ಹಣವನ್ನೂ ಪಟ್ಟಿಯಲ್ಲಿರುವಂತೆಯೇ ಬರೆದು, ಧಾರಣೆಯನ್ನು ಯಂತ್ರವೇ ಎಣಿಸಿಕೊಳ್ಳುವಂತೆ ಬಿಡುವುದು ಕ್ಷೇಮ.

ಮುದ್ರಾಂಕ ಶುಲ್ಕ. 2020ರ ಜುಲೈ 1ರಿಂದ ಫಂಡಿನ ಕೊಳ್ಳಿಕೆಗೆ ನೂರಕ್ಕೆ 0.005ರಷ್ಟು ಮುದ್ರಾಂಕ ಶುಲ್ಕವುಂಟು. ಬ್ಯಾಂಕಿನಿಂದ ಹೋಗುವುದು 5,000 ರೂಪಾಯಿ. ಯೂನಿಟ್ಟುಗಳು ಬರುವುದು 4,999 ರೂಪಾಯಿ 75 ಪೈಸೆಗೆ. ಆ 25 ಪೈಸೆಯನ್ನು ಬೇರೆ ಗೆರೆಯಲ್ಲಿ ತೋರಿಸದೆ ಯೂನಿಟ್ಟುಗಳ ಸಂಖ್ಯೆಯನ್ನು ತಿದ್ದಿ ಹೊಂದಿಸಿದರೆ, ಲೆಕ್ಕವು ಕಂಪೆನಿಯದರೊಡನೆ ಎಂದೆಂದಿಗೂ ಹೊಂದದು.

ಫೋಲಿಯೋ. ಒಂದೇ ಫಂಡಿನಲ್ಲಿ ಎರಡು ಫೋಲಿಯೋಗಳಿದ್ದರೆ, ಕಂಪೆನಿಯ ಲಾಭದ ಪಟ್ಟಿ ಫೋಲಿಯೋವಾರು ಇರುವುದು. ಎರಡನ್ನೂ ಗಣಕದಲ್ಲಿ ಒಂದೇ ಖಾತೆಯಾಗಿ ಇಟ್ಟರೆ, ಒಂದರಿಂದ ಮಾರಿದ್ದಕ್ಕೆ ಇನ್ನೊಂದರ ಹಳೆಯ ಲಾಟನ್ನು ಯಂತ್ರವು ತೆಗೆದುಕೊಳ್ಳುವುದು. ಫೋಲಿಯೋಗೆ ಒಂದು ಖಾತೆಯಂತೆ ಇಡತಕ್ಕದ್ದು.

ಬದಲಾವಣೆ. ದಲ್ಲಾಳಿಯಿಲ್ಲದೆ ಕೊಳ್ಳುವ ಡೈರೆಕ್ಟ್ ಪ್ಲಾನುಗಳು 2013ರ ಜನವರಿ 1ರಂದು ಆರಂಭವಾದುವು. ಹಳೆಯ ರೆಗ್ಯುಲರ್ ಪ್ಲಾನಿನಿಂದ ಅದಕ್ಕೆ ವರ್ಗಮಾಡಿಕೊಂಡ ಅನೇಕರು ಗಣಕದಲ್ಲಿ ಖಾತೆಯ ಹೆಸರನ್ನು ಮಾತ್ರ ಬದಲಾಯಿಸಿರುತ್ತಾರೆ. ಇದು ವಾರಸಿನ ವರ್ಗಾವಣೆಯಂತಲ್ಲ. ಹಳೆಯದನ್ನು ಮಾರಿ ಹೊಸದನ್ನು ಕೊಂಡಂತೆಯೇ ಲೆಕ್ಕ. ಅಂದಿನ ತಾರೀಖು, ಅಂದಿನ ಬೆಲೆಯೊಡನೆ ಹೊಸ ಲಾಟು ಆರಂಭವಾಗತಕ್ಕದ್ದು. ಲಾಭಾಂಶವನ್ನು ಮತ್ತೆ ಫಂಡಿನಲ್ಲಿಯೇ ತೊಡಗಿಸುವವರಿಗೂ, ಹಾಗೆ ತೊಡಗಿಸಿದ ಪ್ರತಿ ಸಾರಿಯೂ ಒಂದು ಹೊಸ ಲಾಟೇ.

ಎರಡು ಸಾರಿ ಬರೆದ ಲಾಭ. ಮಾರಾಟದ ದಿನವೇ ಲಾಭವನ್ನು ಕೈಯಿಂದ ಎಣಿಸಿ ಬರೆದವರು, ಆಮೇಲೆ ಸ್ಕ್ರಬ್ ಮಾಡಿದರೆ, ಯಂತ್ರವು ಇನ್ನೊಮ್ಮೆ ಲಾಭವನ್ನು ಬರೆಯುವುದು. ಎರಡರಲ್ಲಿ ಒಂದೇ ಕ್ರಮವನ್ನು ಹಿಡಿಯಬೇಕು.

ವರದಿಯ ಕ್ರಮ. ಗ್ನುಕ್ಯಾಶಿನ ಅಡ್ವಾನ್ಸ್ಡ್ ಪೋರ್ಟ್‌ಫೋಲಿಯೋ ಎಂಬ ವರದಿಯಲ್ಲಿ ಅಸಲನ್ನು ಎಣಿಸುವುದಕ್ಕೆ ಸರಾಸರಿ, ಮೊದಲು ಬಂದದ್ದು ಮೊದಲು, ಕಡೆಗೆ ಬಂದದ್ದು ಮೊದಲು ಎಂಬ ಮೂರು ಆಯ್ಕೆಗಳುಂಟು. ಲಾಟುಗಳೆಲ್ಲ ಸರಿಯಿದ್ದರೂ, ಇಲ್ಲಿ ಸರಾಸರಿಯನ್ನು ಆರಿಸಿದ್ದರೆ 80,000ದ ಬದಲು 57,500 ಕಾಣುವುದು. ತಪ್ಪು ಖಾತೆಯಲ್ಲಿಲ್ಲ, ವರದಿಯ ಆಯ್ಕೆಯಲ್ಲಿದೆ.

ಕಡೆಯದಾಗಿ, ಗಣಕದ ಲಾಭವೂ ತೆರಿಗೆಯ ಲಾಭವೂ ಎಲ್ಲ ಕಾಲಕ್ಕೂ ಒಂದೇ ಅಲ್ಲ. 2018ರ ಫೆಬ್ರವರಿ 1ಕ್ಕೆ ಮೊದಲು ಕೊಂಡ ಇಂಥ ಯೂನಿಟ್ಟುಗಳಿಗೆ, 2018ರ ಜನವರಿ 31ರ ಬೆಲೆಯನ್ನು ಗಮನಕ್ಕೆ ತೆಗೆದುಕೊಂಡು ಅಸಲನ್ನು ಗೊತ್ತುಮಾಡುವ ನಿಯಮವುಂಟು. ಸಾಲಪತ್ರಗಳಲ್ಲಿ ಹಣ ತೊಡಗಿಸುವ ಫಂಡುಗಳನ್ನು 2023ರ ಏಪ್ರಿಲ್ 1ರಿಂದೀಚೆಗೆ ಕೊಂಡಿದ್ದರೆ, ಎಷ್ಟು ಕಾಲ ಇಟ್ಟುಕೊಂಡರೂ ಲಾಭವನ್ನು ಅಲ್ಪಕಾಲದ್ದೆಂದೇ ಎಣಿಸುತ್ತಾರೆ. ಇವೊಂದೂ ಯಂತ್ರಕ್ಕೆ ತಾನಾಗಿ ತಿಳಿಯದು. ಆದರೆ ಈ ನಿಯಮಗಳೆಲ್ಲವೂ ಕೊಂಡ ತಾರೀಖನ್ನೇ ಆಧರಿಸಿರುವುದರಿಂದ, ಲಾಟು ಲಾಟಾಗಿ ಬರೆದಿಟ್ಟವರ ಲೆಕ್ಕವನ್ನು ಲೆಕ್ಕಿಗರು ಸುಲಭವಾಗಿ ತೆರಿಗೆಗೆ ಹೊಂದಿಸಬಹುದು. ಬರೆದಿಡದವರದನ್ನು ಯಾರೂ ಹೊಂದಿಸಲಾರರು.

ರೂಢಿಮಾಡಿಕೊಳ್ಳಬೇಕಾದ ಒಂದು ಕೆಲಸ

ತಿಂಗಳ ಕಡೆಯಲ್ಲಿ ಶಿಲ್ಕನ್ನು ಹೊಂದಿಸಿ ನೋಡುವ ಪದ್ಧತಿ ಬಹಳ ಮನೆಗಳಲ್ಲುಂಟು. ಅದು ಒಳ್ಳೆಯದೇ. ಅದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಬೇಕೆಂದು ನಮ್ಮ ವಿನಂತಿ. ಪ್ರತಿಯೊಂದು ಮಾರಾಟದ ಮರುದಿನವೂ, ಉಳಿದ ಯೂನಿಟ್ಟುಗಳಲ್ಲಿ ಎಲ್ಲಕ್ಕಿಂತ ಹಳೆಯ ಲಾಟು ಯಾವ ತಾರೀಖಿನದು, ಅದರಲ್ಲಿ ಎಷ್ಟು ಉಳಿದಿದೆ, ಅದರ ಅಸಲೇನು ಎಂಬ ಮೂರನ್ನು ಕಂಪೆನಿಯ ಪಟ್ಟಿಯೊಡನೆ ಹೋಲಿಸಿ ಟಿಪ್ಪಣಿ ಬರೆದಿಡಬೇಕು. ಈ ಮೂರು ಸರಿಯಿದ್ದರೆ, ಆ ಮಾರಾಟದ ಲಾಭವೂ ಸರಿಯಾಗಿ ಬಂದಿರುವ ಸಂಭವ ಹೆಚ್ಚು. ಮುಂದಿನ ಮಾರಾಟಕ್ಕೂ ದಾರಿ ಸರಿಯಾಗಿರುವುದು. ಇದಕ್ಕೆ ಹತ್ತು ನಿಮಿಷ ಸಾಕು. ಈ ಹತ್ತು ನಿಮಿಷದ ಕೆಲಸವನ್ನು ಗಂಡ ಹೆಂಡತಿ ಇಬ್ಬರೂ ಕೂಡಿ ಕುಳಿತು ಮಾಡಿದರೆ, ಮುಂದೊಂದು ದಿನ ಯಾರೊಬ್ಬರೂ ಆ ಲೆಕ್ಕವನ್ನು ಭಯದಿಂದ ತೆರೆಯಬೇಕಾಗಿ ಬರುವುದಿಲ್ಲ.

ಪತ್ರ ಬರೆದ ಸೋದರಿಯವರಿಗೆ ಒಂದು ಮಾತು. ತಮ್ಮ ಪತಿ 2021ರ ಜೂನಿನಲ್ಲಿ ಬರೆದ ಗೆರೆಯನ್ನು ಮುಗಿಸಿ, ಅದರ ಜಾಗದಲ್ಲಿ ತಮ್ಮ ಹೆಸರಿನ ಹೊಸ ಗೆರೆ ಬರೆಯುವುದೇ ಕ್ರಮವೆಂದು ತಾವು ತಿಳಿದಿರಿ. ಲೆಕ್ಕದ ನ್ಯಾಯವೂ ಕಾನೂನೂ ಹಾಗೆ ಹೇಳುವುದಿಲ್ಲ. ಅವರು ಕೊಂಡ ದಿನ, ಅವರು ಕೊಟ್ಟ ಬೆಲೆ, ಎರಡೂ ಅವರು ಬರೆದಂತೆಯೇ ಇರಬೇಕು. ಮಗಳ ಮೊದಲ ವರ್ಷದ ಫೀಜಿಗೆ ಹೋದದ್ದು ಅವರು ಕೊಂಡಿದ್ದ ಯೂನಿಟ್ಟುಗಳೇ. ಅವರ ಎರಡನೆಯ ಲಾಟಿನಲ್ಲಿ ಇನ್ನೂ 500 ಉಳಿದಿವೆ. ಮುಂದಿನ ಫೀಜಿನ ಕಾಲಕ್ಕೆ ಮೊದಲು ಅವೇ ಹೋಗುವುವು. ತಮ್ಮದರ ಸರದಿ ಅದರ ತರುವಾಯ. ಲೆಕ್ಕವನ್ನು ಧೈರ್ಯವಾಗಿ ತೆರೆಯಿರಿ. ಅದರಲ್ಲಿ ತಿದ್ದಬೇಕಾದುದು ನವೆಂಬರಿನ ವರ್ಗಾವಣೆಯ ನಮೂದುಗಳೂ ಅವುಗಳಿಂದ ಕೆಟ್ಟವೂ ಮಾತ್ರ. ಮಿಕ್ಕದ್ದೆಲ್ಲ ಅವರು ಇಟ್ಟ ಹಾಗೆಯೇ ಸರಿಯಾಗಿದೆ.